ಜಗಲಿಯ ಮೇಲಿನ ಪಲ್ಟನ್

ನಮ್ಮ ಯಜಮಾನರು ಪಲ್ಟನ್ ಬಿಟ್ಟು ಊರಿಗೆ ಬಂದಾಗ ಅರ್ಧ ಮಾತ್ರ ಬಂದಿದ್ದರು. ಉಳಿದರ್ಧ ವರ್ಷಕ್ಕೊಂದು ದಿನ ನಮ್ಮ ಜಗಲಿಗೆ ಬರುತ್ತಿತ್ತು. ಅದು ಅವರ ಪಲ್ಟನ್ ಹುಟ್ಟಿದ ದಿನ. ಮುಳಬಾಗಿಲಿನಿಂದ ಒಬ್ಬರು, ಮಾಲೂರಿನ ಮಾಸ್ತಿ ಕಡೆಯಿಂದ ಒಬ್ಬರು, ಬೆಳಗಿನ ಬಸ್ಸಿಗೇ ಹುತ್ತೂರಿಗೆ ಬಂದಿಳಿದು ನಮ್ಮ ಮನೆಗೆ ನಡೆದು ಬರುವರು. ಎಪ್ಪತ್ತೊಂದರ ಯುದ್ಧದಲ್ಲಿ ಮೂವರೂ ಒಂದೇ ತುಕಡಿಯಲ್ಲಿದ್ದವರು.

ಆ ದಿನ ಬರುವುದು ಸರಿಯಾಗಿ ನಮ್ಮ ರೇಷ್ಮೆಹುಳು ಪೊರೆ ಬಿಡುವ ನಾಲ್ಕನೇ ಜ್ವರ ಕಳೆದು ಏಳುವ ಹೊತ್ತಿಗೆ. ಆಗ ಹುಳುಗಳಿಗೆ ಹಾಳು ಹಸಿವು. ತಟ್ಟೆಗೆ ಸೊಪ್ಪು ಹಾಕಿ ಈಚೆ ಬರುವುದರೊಳಗೆ ಬರೀ ಕಡ್ಡಿ ಉಳಿದಿರುತ್ತದೆ. ಬೇರೆ ದಿನಗಳಲ್ಲಿ ನನಗಿಂತ ಮೊದಲೇ ಹಿಪ್ಪುನೇರಳೆ ತೋಟಕ್ಕೆ ಹೋಗುತ್ತಿದ್ದ ಮನುಷ್ಯ ಅವತ್ತು ಮಾತ್ರ ಗಡ್ಡ ಹೆರೆದು, ಇಸ್ತ್ರಿ ಅಂಗಿ ಹಾಕಿಕೊಂಡು ಜಗಲಿಯಲ್ಲಿ ಜಮಖಾನ ಹಾಸುತ್ತಾ ಕೂರುವರು. ನಮ್ಮ ಮದುವೆಯ ದಿನ ಕೂಡ ಅಷ್ಟು ಚೆನ್ನಾಗಿ ತಲೆ ಬಾಚಿಕೊಂಡಿರಲಿಲ್ಲ.

ಮುಳಬಾಗಿಲಿನವರು ಪಲ್ಟನ್ನಿನಲ್ಲಿ ಅಡುಗೆ ಮಾಡುತ್ತಿದ್ದವರು, ಈಗ ಊರಲ್ಲಿ ಹೊಲಿಗೆ ಅಂಗಡಿ. ಬರುವಾಗಲೇ ಕೋಳಿ ಹಿಡಿದು ತಂದು, ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ ತಾವೇ ಸಾರಿಗೆ ಇಡುವರು. ನನ್ನ ಪಾಲಿಗೆ ಮುದ್ದೆ, ಕಾಫಿ ಅಷ್ಟೆ.

"ಭಾಬಿ, ನಿಮ್ಮ ಯಜಮಾನ್ರು ಖಾರ ಜಾಸ್ತಿ ಕೇಳೋರು, ಗೊತ್ತಾ? ಗಂಟ್ಲು ಸುಡೋ ಹಂಗಿರ್ಬೇಕು."

ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ನಾನು ಹಾಕಿದ್ದನ್ನು ತಿಂದು ಎದ್ದು ಹೋಗುತ್ತಿದ್ದರು. ಖಾರ ಸಾಲದು ಎಂದು ಒಂದು ಸಲವಾದರೂ ಹೇಳಿದವರಲ್ಲ. ಅವರಿಗೆ ಹಾಡಲು ಬರುತ್ತದೆಂದು ನನಗೆ ತಿಳಿದದ್ದೂ ಆ ಜಗಲಿಯಿಂದಲೇ. ನಗುವಾಗ ಕಣ್ಣು ಪೂರಾ ಮುಚ್ಚಿಕೊಳ್ಳುತ್ತದೆ ಎಂಬುದನ್ನೂ ಅಲ್ಲೇ ನೋಡಿದೆ. ಹೊಟ್ಟೆ ಉರಿಯಿತು. ಇನ್ನೊಬ್ಬ ಹೆಂಗಸಾಗಿದ್ದರೆ ಜಗಳ ಆಡಬಹುದಿತ್ತು. ಪಲ್ಟನ್ ಜೊತೆ ಏನು ಜಗಳ ಆಡುವುದು?

ಯುದ್ಧ ಮುಗಿದು ಮೊದಲನೇ ರಜಕ್ಕೆ ಬಂದಾಗ, ಅಲ್ಲಿ ಏನಾಯ್ತು ಎಂದು ಕೇಳಿದ್ದೆ. "ಏನಾಗುತ್ತೆ. ನಡೆದ್ವಿ, ಬಂದ್ವಿ" ಅಂದಿದ್ದರು. ಮತ್ತೆ ಕೇಳಲಿಲ್ಲ. ಕೇಳದೆಯೇ ಹೇಳಲಿ ಎಂದು ಕಾದೆ. ಅದೊಂದೇ ನನಗೆ ಬೇಕಿದ್ದದ್ದು.

ಜಗಲಿಯಲ್ಲಿ ಊಟವಾದ ಮೇಲೆ ಪಲ್ಟನ್ನಿನ ಚರಿತ್ರೆ ಶುರುವಾಗುತ್ತಿತ್ತು. ಬಿಳಿಯರ ಕಾಲದಲ್ಲಿ ಕಟ್ಟಿದ್ದು, ಬರ್ಮಾದ ಕಾಡಿನಲ್ಲಿ ಹೇಸರಗತ್ತೆಗಳ ಜೊತೆ ನಡೆದದ್ದು, ಇವನ್ನೆಲ್ಲ ತರಬೇತಿಯಲ್ಲಿ ಬಾಯಿಪಾಠ ಮಾಡಿಸಿದ್ದರಂತೆ. ಅದನ್ನು ಮೂವರೂ ಒಟ್ಟಿಗೆ ಮಗ್ಗಿ ಹೇಳಿದ ಹಾಗೆ ಒಪ್ಪಿಸುವರು. ಎಪ್ಪತ್ತೊಂದಕ್ಕೆ ಬಂದ ಕೂಡಲೇ ಪದ್ಧತಿ ಬದಲು. ಕಣ್ಣಾರೆ ಕಂಡವನು ಮಾತ್ರ ಕಂಡಷ್ಟನ್ನು ಹೇಳಬೇಕು, ಆಮೇಲೆ ಮುಂದಿನವನು. ನಮ್ಮವರು ಗದ್ದೆ ನೀರಿನಲ್ಲಿ ಎದೆಯವರೆಗೆ ಮುಳುಗಿ ನಡೆದದ್ದನ್ನು, ರೈಲು ಹಳಿಯ ಏರಿಯ ಮೇಲೆ ಮಲಗಿದ್ದನ್ನು ಹೇಳುವರು. ಮಾಲೂರಿನವರು ತಮ್ಮ ಕಾಲಿಗೆ ಗುಂಡು ಬಿದ್ದದ್ದನ್ನು, ನಮ್ಮವರು ತಮ್ಮನ್ನು ಹೆಗಲ ಮೇಲೆ ಹೊತ್ತು ತಂದದ್ದನ್ನು ಹೇಳುವರು. ಕೊನೆಗೆ ಮುಳಬಾಗಿಲಿನವರ ಸರದಿ. ಶರಣಾದ ಸಿಪಾಯಿಗಳಿಗೆ ಅನ್ನ ಬಡಿಸಿದರೆ, ರೊಟ್ಟಿ ಇಲ್ಲವೇ ಎಂದು ಉರ್ದುವಿನಲ್ಲಿ ಕೇಳಿದರಂತೆ. "ನಮ್ಗೇ ಇಲ್ಲ ಕಣಪ್ಪ, ನಿಮ್ಗೆಲ್ಲಿಂದ ತರ್ಲಿ ಅಂದೆ" ಎಂದು ಪ್ರತಿ ವರ್ಷ ಹೇಳುವರು, ಪ್ರತಿ ವರ್ಷ ಮೂವರೂ ನಗುವರು.

ನಡುವೆ ಒಂದು ಕಡೆ ಎಲ್ಲರೂ ಸುಮ್ಮನಾಗುತ್ತಿದ್ದರು. ಅದು ಶ್ರೀನಿವಾಸಪುರದ ಹುಡುಗನೊಬ್ಬನ ಪಾಲು, ರೈಲು ಏರಿಯಿಂದ ಈಚೆ ಬರದೇ ಹೋದವನದು. ಮೊದಲನೇ ವರ್ಷ ಗೊತ್ತಿಲ್ಲದೆ ಅದೇ ಹೊತ್ತಿಗೆ ಕಾಫಿ ಹಿಡಿದು ಹೋಗಿ, "ಯಾಕೆ ಎಲ್ಲಾ ಸುಮ್ನಾಗ್ಬಿಟ್ರಿ?" ಅಂದೆ. ನಮ್ಮವರು ಮುಖ ಎತ್ತದೆ, ಒಳಗೆ ಹೋಗು ಎಂದು ಕೈಸನ್ನೆ ಮಾಡಿದರು. ಆ ಸತ್ತ ಹುಡುಗನಿಗೆ ಕೂಡ ಜಗಲಿಯಲ್ಲಿ ಜಾಗವಿತ್ತು. ನನಗೆ ಬಾಗಿಲ ಸಂದಿ. ಅಲ್ಲೇ ನಿಂತು, ಸೊಪ್ಪು ಕತ್ತರಿಸುತ್ತಾ, ವರ್ಷ ವರ್ಷವೂ ಕೇಳಿದೆ.

ಒಂದು ವರ್ಷ ಮಾಲೂರಿನವರು ಬರಲಿಲ್ಲ. ಹಳೇ ಕಾಲುನೋವು ಕೆರಳಿ ಕೋಲಾರದ ಆಸ್ಪತ್ರೆಯಲ್ಲಿದ್ದರು. ಅವರ ಸರದಿ ಬಂದಾಗ ಇಬ್ಬರೂ ತೆಪ್ಪಗೆ ಕೂತರು. ಸತ್ತವನಿಗೆ ಸುಮ್ಮನಿರುವ ಹಾಗೆ ಬದುಕಿರುವವನಿಗೂ ಸುಮ್ಮನಿರುವುದು ನನಗೆ ಅಪಶಕುನ ಅನ್ನಿಸಿತು. ಬಾಗಿಲಲ್ಲಿ ನಿಂತೇ ಶುರು ಮಾಡಿಬಿಟ್ಟೆ. ಗುಂಡು ಬಿದ್ದದ್ದು ಎಡಗಾಲಿಗೆ, ನೀರು ಕೆಂಪಾದದ್ದು ನೋಡಿ ಮೊದಲು ಯಾರದೋ ರಕ್ತ ಅಂದುಕೊಂಡದ್ದು, ಎಲ್ಲ. ಒಂದು ಮಾತು ತಪ್ಪಲಿಲ್ಲ.

ನಮ್ಮವರು ಪೂರ್ತಿ ಕೇಳಿ, "ನೀನು ನೋಡಿದ್ಯಾ?" ಅಂದರು.

"ಇಲ್ಲ."

"ನೋಡ್ದೇ ಇರೋರು ಹೇಳ್ಬಾರ್ದು."

"ಸರಿ, ನಾನು ನೋಡಿದ್ದನ್ನ ಯಾರು ಕೇಳಿದ್ರಿ?"

ಬಾಯಿ ತಪ್ಪಿ ಬಂದ ಮಾತು. ನಮ್ಮವರು ಜಮಖಾನದ ಅಂಚು ನೋಡುತ್ತಾ ಕೂತರು. ಮುಳಬಾಗಿಲಿನವರು ಚಕ್ಕಳಮಕ್ಕಳ ಹಾಕಿ ಸರಿಯಾಗಿ ಕೂತು, "ಮಾತು ಸರಿಯಾಗೈತೆ. ಹೇಳಿ ಭಾಬಿ. ಆವಾಗ ನೀವೆಲ್ಲಿದ್ರಿ?" ಅಂದರು.

ಹೇಳಿದೆ. ಆಗ ಕಣದಲ್ಲಿ ರಾಗಿ ಬಡಿಯುವ ಕಾಲ. ಮಾವ ರೇಡಿಯೊ ಕಿವಿಗೆ ಹಚ್ಚಿಕೊಂಡು ಕೂತಿರುವರು, ನಾನು ಹತ್ತಿರ ಬಂದರೆ ತಿರುಗಿಸಿ ಆರಿಸುವರು. ಅತ್ತೆ ದಿನಾ ಸಂಜೆ ಒಂದು ಮುದ್ದೆ ಹೆಚ್ಚಿಗೆ ಕಟ್ಟಿ ತಟ್ಟೆ ಮುಚ್ಚಿಡುವರು, ಮಗನ ಪಾಲು ಎಂದು. ಬೆಳಿಗ್ಗೆ ಅದನ್ನು ಹಸುವಿಗೆ ಹಾಕುವರು. ಒಂದು ಸಂಜೆ ಅತ್ತೆ ಹೆಚ್ಚಿನ ಮುದ್ದೆ ಕಟ್ಟಲಿಲ್ಲ. ಸಂತೆಯಲ್ಲಿ ಯಾರೋ, ನಿಮ್ಮ ಹುಡುಗನ ಪಲ್ಟನ್ ಪೂರ್ತಿ ಮುಗಿದುಹೋಯ್ತಂತೆ ಅಂದಿದ್ದರು. ಅದು ನನಗೆ ಗೊತ್ತಿರಲಿಲ್ಲ. ಬರಿದಾದ ಪಾತ್ರೆ ನೋಡಿ, ಕೆಟ್ಟ ಸುದ್ದಿ ಬಂದಿದೆ ಎಂದು ಊಹಿಸಿದೆ. ಏನೂ ಕೇಳದೆ ಮತ್ತೆ ಎಸರಿಟ್ಟು, ಹಿಟ್ಟು ಹಾಕಿ, ನಾನೇ ಒಂದು ಮುದ್ದೆ ಕಟ್ಟಿ ಮುಚ್ಚಿಟ್ಟೆ. ಅತ್ತೆ ನೋಡಿ ಗೋಡೆ ಕಡೆ ತಿರುಗಿಕೊಂಡರು.

"ಯಾ ಅಲ್ಲಾ" ಅಂದರು ಮುಳಬಾಗಿಲಿನವರು ಮೆಲ್ಲಗೆ. ನಮ್ಮವರು ಏನೂ ಅನ್ನಲಿಲ್ಲ. ಅವತ್ತೂ ಅನ್ನಲಿಲ್ಲ, ಮಾರನೆಯ ದಿನ ಇಬ್ಬರೇ ಹುಳುವಿನ ತಟ್ಟೆ ತೆಗೆಯುವಾಗಲೂ ಅನ್ನಲಿಲ್ಲ. ನಾನು ಬೇಕೆಂದೇ ನಿಧಾನ ಮಾಡಿದೆ. "ಆ ಕಡೆ ತಟ್ಟೆ ಹಿಡ್ಕೋ" ಅಂದರು, ಅಷ್ಟೆ.

ಮುಂದಿನ ವರ್ಷ ಮಾಲೂರಿನವರು ಕೋಲೂರಿಕೊಂಡು ಬಂದರು. ತಮ್ಮ ಪಾಲು ಮುಗಿಸಿ, "ಈಗ ಅಕ್ಕ ಹೇಳ್ಲಿ, ಆ ಮುದ್ದೆ ವಿಷ್ಯ" ಅಂದರು.

"ನಿಮ್ಗೆ ಯಾರು ಹೇಳಿದ್ರಣ್ಣ?"

"ಇವ್ನೇ. ಆಸ್ಪತ್ರೆಗೆ ಬಂದಾಗೆಲ್ಲ ಅದೇ ಮಾತು. ಅತ್ತುಬಿಟ್ಟ ಕಣಕ್ಕ. ಊರ್ಕೋರಾ, ಸುಮ್ನಿರೋ ಅಂತ ನಾನೇ ಸಮಾಧಾನ ಮಾಡ್ಬೇಕಾಯ್ತು."

ನನ್ನ ಮೈಯೆಲ್ಲ ಉರಿದುಹೋಯಿತು. ನನ್ನದೆಂದು ಇದ್ದದ್ದು ಅದೊಂದು ಸಂಜೆ. ಅದನ್ನೂ ತೆಗೆದುಕೊಂಡು ಹೋಗಿ ಪಲ್ಟನ್ನಿಗೇ ಕೊಟ್ಟಿದ್ದರು. ಅತ್ತದ್ದನ್ನೂ ಅಲ್ಲೇ ಅತ್ತು ಬಂದಿದ್ದರು. ನಮ್ಮವರು ಮೇಲೆದ್ದು, "ಹುಳಕ್ಕೆ ಸೊಪ್ಪು ಹಾಕೋ ಹೊತ್ತಾಯ್ತು" ಎಂದು ಮಂಕರಿ ಎತ್ತಿಕೊಂಡು ತೋಟಕ್ಕೆ ನಡೆದರು. ಪಲ್ಟನ್ ದಿನ ಅವರು ಸೊಪ್ಪಿಗೆ ಹೋದದ್ದು ಅದೇ ಮೊದಲು.

ನಾನು ಅವರು ಎದ್ದ ಜಾಗದಲ್ಲೇ ಜಮಖಾನದ ಮೇಲೆ ಕೂತೆ.

"ನಾನು ಹೇಳೋದು ಇರ್ಲಿ ಅಣ್ಣ," ಅಂದೆ. "ಅವ್ರು ಹೆಂಗೆ ಹೇಳಿದ್ರು, ಮೊದಲಿಂದ ಹೇಳಿ. ಒಂದೂ ಬಿಡಬೇಡಿ."