ಹನ್ನೊಂದು ಹೊಲಿಗೆ

ನನ್ನಕ್ಕ ದರ್ಜಿ, ಮನೆಯ ಮುಂದಿನ ಕೋಣೆಯೇ ಅಂಗಡಿ. ಕೈ ಎಷ್ಟು ಚುರುಕೋ ಸಿಟ್ಟೂ ಅಷ್ಟೇ, ಯಾವಾಗಲೂ ಮೂಗಿನ ತುದಿಯಲ್ಲಿ. ಇಪ್ಪತ್ತೆರಡು ವರ್ಷ ಅವಳ ಕೈಕೆಳಗೆ ಗುಂಡಿ, ಕಾಜಾ, ಹೆಮ್ಮಿಂಗ್ ಮಾಡಿದವಳು ನಾನು. ಹೊಲಿಗೆ ಕೂದಲೆಳೆಯಷ್ಟು ವಾರೆಯಾದರೂ "ಬಿಚ್ಚು" ಎನ್ನುತ್ತಿದ್ದಳು. ಆ ಮಾತನ್ನು ನನ್ನ ಹೆಸರಿಗಿಂತ ಹೆಚ್ಚು ಸಲ ಕೇಳಿದ್ದೇನೆ.

ಹೋದ ವರ್ಷ ಅವಳ ಬಲಗೈ ನಡುಗತೊಡಗಿತು. ಡಾಕ್ಟರು ಮಾತ್ರೆ ಕೊಟ್ಟರು, ಭರವಸೆ ಕೊಡಲಿಲ್ಲ. ಗಿರಾಕಿಗಳು ಒಬ್ಬೊಬ್ಬರಾಗಿ ಎದುರು ಬೀದಿಯ ಅಂಗಡಿಗೆ ಹೋದರು. ಉಳಿದದ್ದು ನಾವಿಬ್ಬರು, ಮತ್ತೆ ಹಿತ್ತಲಿನ ಕಂದು ಕೋಳಿ. ಕೆಲಸ ಮಾಡದೆ ದರ್ಬಾರು ನಡೆಸುತ್ತಿದ್ದುದರಿಂದ ಅದಕ್ಕೆ ಮೇಸ್ತ್ರಿ ಎಂದು ಹೆಸರಿಟ್ಟಿದ್ದೆ. ದಿನಾ ಕತ್ತರಿಸುವ ಮೇಜಿನ ಕೆಳಗೆ ಒಂದು ಸುತ್ತು ಬಂದು, ಬಟ್ಟೆ ಚೂರು ಕೆದಕಿ, ಅಕ್ಕನ ಪಾದದ ಮೇಲೆ ಕೂರುತ್ತಿತ್ತು. ಅದು ಕೂತರೆ ಅಕ್ಕ ಮಷೀನು ತುಳಿಯುವುದನ್ನೇ ನಿಲ್ಲಿಸಿಬಿಡುತ್ತಿದ್ದಳು. ನನಗೆ ಸೊಂಟನೋವು ಎಂದಾಗ ಒಂದು ದಿನವೂ ನಿಲ್ಲಿಸಿದವಳಲ್ಲ.

ಒಂದು ಮಧ್ಯಾಹ್ನ ಬೇಲಿಯ ಕಿಂಡಿಯಿಂದ ಬೀದಿನಾಯಿ ನುಗ್ಗಿತು. ಅಕ್ಕ ಗಜಕೋಲು ಹಿಡಿದು ಓಡುವಷ್ಟರಲ್ಲಿ ಹಿತ್ತಲ ತುಂಬ ಗರಿ. ನಾಯಿಯೇನೋ ಓಡಿತು. ಮೇಸ್ತ್ರಿ ಕಲ್ಲುಗಳ ಸಂದಿಯಲ್ಲಿ ಮುದುಡಿ ಕೂತಿತ್ತು. ರೆಕ್ಕೆಯ ಕೆಳಗೆ ಚರ್ಮ ಹರಿದು ಜೋತಿತ್ತು, ಪಕ್ಕದಲ್ಲಿ ಹಲ್ಲು ಊರಿದ ಎರಡು ತೂತು.

"ಪ್ರಾಣಿ ಡಾಕ್ಟರ ಹತ್ರ ಹೋಗೋಣ ಅಕ್ಕ," ಎಂದೆ.

"ಹರಿದಿರೋದು ತಾನೇ? ಹರಿದದ್ದನ್ನ ಹೊಲಿಯೋಕೆ ನನಗೆ ಇನ್ನೊಬ್ಬರು ಹೇಳ್ಕೊಡಬೇಕಾ? ಹಿಡ್ಕೋ."

ಕೋಳಿಯನ್ನು ಟವೆಲಿನಲ್ಲಿ ಸುತ್ತಿ ಹಿಡಿದೆ. ಅವಳು ಉಪ್ಪುನೀರಿನಲ್ಲಿ ಗಾಯ ತೊಳೆದಳು, ಸೂಜಿಯನ್ನು ಬೆಂಕಿಗೆ ಹಿಡಿದಳು, ರೇಷ್ಮೆ ದಾರ ಪೋಣಿಸಿದಳು. ಅದೂ ಒಂದೇ ಸಲಕ್ಕೆ! ತಿಂಗಳುಗಟ್ಟಲೆ ಅವಳ ಸೂಜಿಗೆ ದಾರ ಹಾಕಿಕೊಡುತ್ತಿದ್ದವಳು ನಾನು. ಅಂದು ಆ ಕೈ ನಡುಗಲೇ ಇಲ್ಲ. ಅಕ್ಕಿಕಾಳು ಜೋಡಿಸಿದ ಹಾಗೆ ಹನ್ನೊಂದು ಹೊಲಿಗೆ. ಆ ಎರಡು ತೂತುಗಳನ್ನೂ ಬಿಡದೆ ಬಿಗಿದಳು. "ನೋಡಿದ್ಯಾ?" ಎಂದು ಕೈಯನ್ನು ನನ್ನ ಮುಖದ ಮುಂದೆ ಚಾಚಿ ಚಿಕ್ಕ ಹುಡುಗಿಯ ಹಾಗೆ ನಕ್ಕಳು. ಕೋಳಿಯನ್ನು ಹಿಡಿದುಕೊಂಡೇ ನಾನು ಅತ್ತುಬಿಟ್ಟೆ.

ರಟ್ಟಿನ ಪೆಟ್ಟಿಗೆಯಲ್ಲಿ ಅದನ್ನು ಮಲಗಿಸಿ ತೊಟ್ಟು ತೊಟ್ಟಾಗಿ ನೀರು ಕುಡಿಸಿದಳು. "ಇದು ಎದ್ದು ಓಡಾಡ್ಲಿ, ಅಂಗಡಿಗೆ ಹೊಸ ಬೋರ್ಡ್ ಬರೆಸ್ತೀನಿ," ಎಂದಳು. ಮೂರನೆಯ ಬೆಳಿಗ್ಗೆ ಪೆಟ್ಟಿಗೆಯಿಂದ ವಾಸನೆ ಬಂತು. ನನ್ನ ಮೂಗಿಗೆ ಬಡಿಯಿತು, ಆದರೂ ಬಾಯಿ ಬಿಡಲಿಲ್ಲ. ಆ ನಗು ಇನ್ನೊಂದು ದಿನ ಇರಲಿ ಎನ್ನುವ ಆಸೆ. ಆ ಒಂದು ದಿನದ ಪಾಪ ನನ್ನದೇ.

ನಾಲ್ಕನೆಯ ದಿನ ಕೋಳಿ ತಲೆ ಎತ್ತಲಿಲ್ಲ, ಹೊತ್ತುಕೊಂಡು ಓಡಿದೆವು. ಪ್ರಾಣಿ ಡಾಕ್ಟರು ಹೊಲಿಗೆ ಕತ್ತರಿಸಿದೊಡನೆ ಕೀವು ಹರಿಯಿತು.

"ಯಾರು ಹೊಲಿದಿದ್ದು?"

"ನಾನೇ," ಎಂದಳು ಅಕ್ಕ.

"ತುಂಬಾ ಚೆನ್ನಾಗಿ ಹೊಲಿದಿದ್ದೀರಮ್ಮ. ಅದಕ್ಕೇ ಹೀಗಾಗಿದ್ದು. ನಾಯಿ ಹಲ್ಲಿನ ನಂಜು ಒಳಗೇ ಉಳಿಯುತ್ತೆ. ಇಂಥ ಗಾಯ ತೆರೆದಿಟ್ಟು ತೊಳೀತಾ ಇರಬೇಕು. ಸ್ವಲ್ಪ ಸಡಿಲ ಬಿಟ್ಟಿದ್ರೂ ಬದುಕ್ತಿತ್ತೋ ಏನೋ."

ಸೂಜಿಮದ್ದು ಕೊಟ್ಟರು, ಸುಮ್ಮನೆ ನಮ್ಮ ಸಮಾಧಾನಕ್ಕೆ. ಮನೆಗೆ ಬಂದ ಮೇಲೆ ಮೇಸ್ತ್ರಿ ಅಕ್ಕನ ಪಾದದ ಮೇಲೆ ಕುತ್ತಿಗೆ ಚಾಚಿ ಮಲಗಿತು, ಮತ್ತೆ ಏಳಲಿಲ್ಲ. ಸಂಜೆಯವರೆಗೂ ಅವಳು ಕಾಲು ಕದಲಿಸಲಿಲ್ಲ.

"ವಾಸನೆ ನನಗೆ ನಿನ್ನೇನೇ ಗೊತ್ತಾಗಿತ್ತಕ್ಕ," ಎಂದೆ. ಬೈದರೆ ಸಾಕಿತ್ತು. ಬೈಯಲಿಲ್ಲ.

ಮಾರನೆಯ ವಾರ ಪಕ್ಕದ ಮನೆಯವರ ಲಂಗವೊಂದು ಹೆಮ್ಮಿಂಗಿಗೆ ಬಂತು. ಅಕ್ಕ ನಡುಗುವ ಕೈಯನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತಿದ್ದಳು. ನಾನು ಬೇಕೆಂದೇ ಸೊಟ್ಟಗೆ, ಹಾವು ಹರಿದ ಹಾಗೆ ಹೊಲಿದು ಅವಳ ಮುಂದೆ ಹಿಡಿದೆ. ಆ ಒಂದು ಮಾತಿಗಾಗಿ ಕಾದೆ.

ಅಕ್ಕ ಅಂಚನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ಇರಲಿ ಬಿಡು," ಎಂದಳು.