ಇಲ್ಲಪ್ಪನ ಹದಿನೆಂಟು ಕಾಲಮುಗಳು

ಬಂದರಿನ ಕಚೇರಿಯಲ್ಲಿ ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಎಲ್ಲರ ಬಾಯಲ್ಲೂ ಅವನು ಇಲ್ಲಪ್ಪ. ಆ ಹೆಸರು ಅವನಿಗೆ ಅಂಟಿದ್ದು ಕೆಲಸದಿಂದಲೇ. ಪ್ರತಿ ತಿಂಗಳ ಮೊದಲ ದಿನ ಅವನು ಹಾಯಿಹಡಗುಗಳ ವರದಿಯನ್ನು ತುಂಬಿ ಸರ್ಕಾರಕ್ಕೆ ಕಳಿಸಬೇಕಿತ್ತು. ಬಂದ ಹಾಯಿಹಡಗುಗಳೆಷ್ಟು, ಇಳಿದ ಕುದುರೆಗಳೆಷ್ಟು, ಸಿಡುಬು ತಗುಲಿದ ನಾವಿಕರೆಷ್ಟು, ಹೀಗೆ ಹದಿನೆಂಟು ಕಾಲಮು, ಮೂರು ಪ್ರತಿ. ಕಿಟಕಿಯಾಚೆ ಕ್ರೇನುಗಳು ಮನೆಯಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆಗಳನ್ನು ಎತ್ತಿ ಇಳಿಸುತ್ತಿದ್ದರೆ, ಒಳಗೆ ಅವನು ದುಂಡಗಿನ ಅಕ್ಷರದಲ್ಲಿ ಐವತ್ತನಾಲ್ಕು ಸಲ ‘ಇಲ್ಲ’ ಎಂದು ಬರೆಯುತ್ತಿದ್ದ.

“ಸುಮ್ನೆ ಒಂದು ಗೆರೆ ಎಳೆದುಬಿಡು” ಎಂದು ಯಾರಾದರೂ ಅಂದರೆ ಒಪ್ಪುತ್ತಿರಲಿಲ್ಲ. “ಗೆರೆ ಎಳೆದ್ರೆ ನೋಡಿಲ್ಲ ಅಂತ ಅರ್ಥ. ‘ಇಲ್ಲ’ ಅಂದ್ರೆ ನೋಡಿದೀನಿ, ಇಲ್ಲ ಅಂತ.”

ಅದಕ್ಕೇ ಬರೆಯುವ ಮುಂಚೆ ಹಡಗು ಬಂದು ನಿಲ್ಲುವ ಧಕ್ಕೆಯ ಈ ತುದಿಯಿಂದ ಆ ತುದಿಯವರೆಗೆ ನಡೆದು ಬರುತ್ತಿದ್ದ. ಗೇಟಿನ ಕಾವಲುಗಾರ ನಗುತ್ತಿದ್ದ: “ಏನಣ್ಣ, ಕುದುರೆ ಸಿಕ್ತಾ?”

ಇಪ್ಪತ್ತಮೂರು ವರ್ಷ ಹೀಗೇ ಕಳೆದ ಮೇಲೆ ಸರ್ಕಾರದಿಂದ ಒಂದು ಪತ್ರ ಬಂತು. ಬಂದರುಗಳಿಂದ ತರಿಸಿಕೊಳ್ಳುತ್ತಿದ್ದ ಓಬೀರಾಯನ ಕಾಲದ ವರದಿಗಳನ್ನೆಲ್ಲ ಕೈಬಿಡುತ್ತಾರಂತೆ. ಜೊತೆಗೆ ಒಂದೇ ಪ್ರಶ್ನೆಯ ಒಂದು ಹಾಳೆ: ‘ಈ ವರದಿಯಿಂದ ನಿಮ್ಮ ಬಂದರಿಗೆ ಉಪಯೋಗ ಇದೆಯೇ?’ ಇದೆ ಎಂದ ಬಂದರಿನಲ್ಲಿ ವರದಿ ಉಳಿಯುತ್ತದೆ. ಇಲ್ಲದಿದ್ದರೆ ವರದಿ ಹೋಗುತ್ತದೆ, ಅದರ ಗುಮಾಸ್ತನ ಹುದ್ದೆ ಹೋಗುತ್ತದೆ, ಹುದ್ದೆಯ ಜೊತೆಗೆ ಕೊಟ್ಟ ಎರಡು ಕೋಣೆಯ ಮನೆಯೂ ಹೋಗುತ್ತದೆ. ಅವನ ನಿವೃತ್ತಿಗೆ ಇನ್ನೂ ಎರಡೂವರೆ ವರ್ಷವಿತ್ತು.

ಹೆಡ್ ಕ್ಲಾರ್ಕ್ ಹಾಳೆಯನ್ನು ಅವನ ಮೇಜಿನ ಮೇಲಿಟ್ಟ. “ಕೋಳಿ ಕೇಳಿ ಮಸಾಲೆ ಅರೀತಾರಾ ಅಂತಾರೆ. ನೋಡು, ನಿನ್ನ ಪುಣ್ಯ, ಕೋಳಿಗೇ ಕೇಳಿದಾರೆ! ಜನ್ಮದಲ್ಲಿ ಒಂದೇ ಒಂದ್ಸಲ ‘ಇದೆ’ ಅಂತ ಬರಿಯಪ್ಪ. ಸಾಹೇಬ್ರು ಕಣ್ಣು ಮುಚ್ಚಿ ಸಹಿ ಹಾಕ್ತಾರೆ.”

ಮನೆಯಲ್ಲಿ ಹೆಂಡತಿಯೂ ಅದನ್ನೇ ಹೇಳಿದಳು. ಅವಳಿಗೆ ಮಂಡಿನೋವು, ಮೆಟ್ಟಿಲು ಹತ್ತಲಾಗದು. ಮೆಟ್ಟಿಲಿಲ್ಲದ ಮನೆ ಇದೊಂದೇ ಸಿಕ್ಕಿದ್ದು. “ಎರಡಕ್ಷರ ರೀ. ಯಾರ ತಲೆ ಒಡೆಯೋದೇನೂ ಬೇಡ.”

“ಬರೀತೀನಿ ಕಣೆ” ಎಂದ. ನಿಜವಾಗಿಯೂ ಬರೆಯಬೇಕೆಂದೇ ಇದ್ದ.

ಮರುದಿನ ಬೆಳಿಗ್ಗೆ ಧಕ್ಕೆಗೆ ಹೋಗಲಿಲ್ಲ. ನೇರ ಮೇಜಿಗೆ ಬಂದು, ಕೈ ಒರೆಸಿಕೊಂಡು, ಪೆನ್ನು ತೆಗೆದ. ‘ಇ’ ಬರೆದ. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಮನಸ್ಸು ‘ದೆ’ ಎನ್ನುತ್ತಿದ್ದಾಗಲೇ ಕೈ ತನ್ನ ಪಾಡಿಗೆ ‘ಲ್ಲ’ ಎಂದು ಮುಗಿಸಿ, ಚುಕ್ಕೆ ಇಟ್ಟು, ಮುಂದಿನ ಕಾಲಮು ಹುಡುಕಿತು. ಮುಂದೆ ಕಾಲಮು ಇರಲಿಲ್ಲ. ಹಾಳೆಯ ಕೆಳಗೆ ಸಣ್ಣಕ್ಷರದಲ್ಲಿತ್ತು: ತಿದ್ದಿದ ಉತ್ತರವನ್ನು ಪರಿಗಣಿಸುವುದಿಲ್ಲ.

ಹೆಡ್ ಕ್ಲಾರ್ಕ್ ತಲೆ ಚಚ್ಚಿಕೊಂಡ. “ಎಂಥಾ ಕೈಯಯ್ಯಾ ನಿಂದು! ಇನ್ನೊಂದು ಹಾಳೆ ತರಿಸ್ತೀನಿ, ತಡಿ. ಹರಿದುಹೋಯ್ತು ಅಂತ ಬರೆದು ಕೇಳೋಣ.”

ಇಲ್ಲಪ್ಪ ತಾನು ಬರೆದದ್ದನ್ನು ಬಹಳ ಹೊತ್ತು ನೋಡಿದ. ಅಕ್ಷರ ದುಂಡಗೆ ಬಂದಿತ್ತು. “ಹರಿದಿಲ್ವಲ್ಲ” ಎಂದ. ಆಮೇಲೆ ಇನ್ನೂ ಮೆಲ್ಲಗೆ, “ಸುಳ್ಳೂ ಅಲ್ವಲ್ಲ.”

ಮೂರನೆಯ ತಿಂಗಳು ಮನೆ ಬಿಡಬೇಕಾಯಿತು. ಅದಕ್ಕೂ ಒಂದು ಫಾರಂ ಇತ್ತು. ಕಟ್ಟಿದ ಗಂಟುಗಳ ನಡುವೆ ನೆಲದ ಮೇಲೆ ಕೂತು ಅವನು ತುಂಬಿದ. ಒಡೆದ ಗಾಜು: ಇಲ್ಲ. ಕಳೆದ ಬೀಗದಕೈ: ಇಲ್ಲ. ಕೊನೆಯ ಕಾಲಮು, ಮುಂದಿನ ವಿಳಾಸ.

“ಅದ್ರಲ್ಲೂ ಇಲ್ಲ ಅಂತ ಬರೆದುಬಿಟ್ಟೀರಾ!” ಎಂದಳು ಹೆಂಡತಿ, ಗೋಡೆ ಹಿಡಿದು ನಿಂತು. “ನಮ್ಮಕ್ಕನ ಮನೆ ವಿಳಾಸ ಬರೀರಿ.”

“ಅಕ್ಕನ್ನ ಕೇಳಿದೀಯಾ?”

ಅವಳು ಕಿಟಕಿಯತ್ತ ತಿರುಗಿದಳು. ಹೊರಗೆ ಕ್ರೇನು ಒಂದು ಪೆಟ್ಟಿಗೆಯನ್ನು ಎತ್ತಿ ಹಾಗೇ ಹಿಡಿದುಕೊಂಡಿತ್ತು.

“ಇಲ್ಲ” ಎಂದಳು.