ಕಾಡುನೊಣದ ವಕೀಲ

ನಮ್ಮ ನೊಣರಾಯ ಹೋದ ಭಾನುವಾರ ದುಂಬಿ ಕುಟುಕಿ ತೀರಿಕೊಂಡ. ವಸ್ತುಸಂಗ್ರಹಾಲಯದ ಕೀಟ ವಿಭಾಗದಲ್ಲಿದ್ದ ಈ ನನ್ನ ಗೆಳೆಯ, ದುಂಬಿಯ ವೇಷ ಹಾಕಿಕೊಂಡು ಬದುಕುವ ಒಂದು ಜಾತಿಯ ಕಾಡುನೊಣದ ಪರವಾಗಿ ಜೀವನಪೂರ್ತಿ ವಕಾಲತ್ತು ವಹಿಸಿದ್ದ. ಅದಕ್ಕೆ ಮೈತುಂಬ ರೋಮ, ಗುಂಯ್ ಎನ್ನುವ ಅಬ್ಬರ, ಆದರೆ ಕೊಂಡಿಯೇ ಇಲ್ಲ. ಅದರ ಮರಿಹುಳುಗಳಿಗೆಂದು ಕೊಳೆತ ಮರದ ಬೊಡ್ಡೆಯೊಂದನ್ನು ಬಚ್ಚಲಲ್ಲಿ ಇಟ್ಟಿದ್ದ. ಅವುಗಳಿಗೆ ಬಿಸಿನೀರು ಸಿಡಿಯದಂತೆ ನೆಂಟರು ಒಂಟಿಕಾಲಲ್ಲಿ ನಿಂತು ಮೀಯಬೇಕಿತ್ತು. ಮೇಲಧಿಕಾರಿ ಕೂಗಾಡಿದರೆ ನನ್ನ ಕಿವಿಯಲ್ಲಿ, "ಹೆದರಬೇಡವೋ, ಸಾಹೇಬರೂ ನಮ್ಮ ನೊಣಾನೇ, ಬರೀ ರೋಮ," ಅನ್ನುತ್ತಿದ್ದ. ಬಸ್ಸಿನಲ್ಲಿ ಯಾರಾದರೂ ಹುಳ ಹೊಡೆಯಲು ಪೇಪರು ಮಡಿಚಿ ಎತ್ತಿದರೆ, "ರೆಕ್ಕೆ ಎಣಿಸಿ ಸ್ವಾಮಿ! ಎರಡಿದ್ರೆ ನೊಣ, ನಾಲ್ಕಿದ್ರೆ ದುಂಬಿ," ಎಂದು ಶುರುಮಾಡಿ, ಅವರು ಇಳಿಯುವ ಸ್ಟಾಪು ದಾಟುವವರೆಗೆ ಬಿಡುತ್ತಿರಲಿಲ್ಲ. ನಿಜವಾದ ದುಂಬಿ ಮಾತ್ರ ಅವನ ಮೈಗಾಗದು. ಇನ್ನೊಮ್ಮೆ ಕುಟುಕಿದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. "ಹುಳದ ಹಿಂದೆ ಹೋಗಿ ಹುಳಕ್ಕೇ ಬಲಿಯಾಗ್ತೀರಿ ನೋಡಿ," ಎಂದು ಅವನ ಹೆಂಡತಿ, ನಮ್ಮ ಅತ್ತಿಗೆ, ಬೈಯುತ್ತಿದ್ದರು. "ಗುರುತು ಹಿಡಿಯೋದ್ರಲ್ಲಿ ನಾನು ಎಡವಲ್ಲ ಕಣೇ," ಅನ್ನುತ್ತಿದ್ದ. ಅದು ನಿಜ, ಅವನು ಎಡವಿದ್ದೇ ಇಲ್ಲ. ಭಾನುವಾರ ಅತ್ತಿಗೆಯ ತಲೆಗೂದಲಲ್ಲಿ ಏನೋ ಸಿಕ್ಕಿಕೊಂಡು ಗುಂಯ್‌ಗುಟ್ಟಿತು. "ರೀ, ದುಂಬೀನಾ?" ಎಂದು ಅವರು ಕಿರುಚಿದರು. ಇವನು ಬಗ್ಗಿ, ಕನ್ನಡಕ ಏರಿಸಿ, ಚೆನ್ನಾಗಿ ನೋಡಿ, "ನೊಣ ಕಣೇ, ಅಲ್ಲಾಡಬೇಡ," ಅಂದ. ಅದನ್ನು ಬರಿಗೈಯಲ್ಲಿ ಬಿಡಿಸಿಕೊಂಡು ಹೋಗಿ ಕಿಟಕಿಯಾಚೆ ಬಿಟ್ಟ; ಆಮೇಲೆ ಬಂದು ಕೂತು, ಕೆದರಿದ ಅವರ ಜಡೆಯನ್ನು ಊದತೊಡಗಿದ ಬೆರಳುಗಳಲ್ಲೇ ಮತ್ತೆ ನೆಟ್ಟಗೆ ಹೆಣೆದ.